ಹಡಗು ದುರಂತದ ಫಲಕ ಸಿನಗಾಗ್ ಮುಂದೆ ಯಾಕಿದೆ?

ಓದುಗರ ಪ್ರಶ್ನೆ: ನ್ಯೂಯಾರ್ಕಿನ ಈಸ್ಟ್ 6ನೇ ಬೀದಿಯಲ್ಲಿ ಯಹೂದಿಗಳ ಸಿನಗಾಗ್ (ಪ್ರಾರ್ಥನಾ ಮಂದಿರ) ಒಂದಿದೆ. ಅಲ್ಲಿ ‘ಜನರಲ್ ಸ್ಲೋಕಮ್’ ಹಡಗು ದುರಂತದ ಫಲಕ ಹಾಕಿದ್ದಾರೆ. ಸತ್ತವರಲ್ಲಿ ಹೆಚ್ಚಿನವರು ಜರ್ಮನ್ ಲುಥೆರನ್ನರು, ಅಂದರೆ ಪ್ರೊಟೆಸ್ಟೆಂಟ್ ಕ್ರೈಸ್ತರು ಅಲ್ವಾ? ಫಲಕ ಇಲ್ಲಿ ಯಾಕೆ?

ಯಾಕೆಂದರೆ ಆ ಕಟ್ಟಡವೇ ಅವರ ಚರ್ಚಾಗಿತ್ತು. ಹೆಸರು ಸೇಂಟ್ ಮಾರ್ಕ್ಸ್ ಲುಥೆರನ್ ಚರ್ಚ್. ಸುತ್ತಲಿನ ಬೀದಿಗಳಲ್ಲೆಲ್ಲ ಜರ್ಮನ್ ವಲಸಿಗರೇ ಜಾಸ್ತಿ ಇದ್ದುದರಿಂದ ಜನ ಆ ಪ್ರದೇಶವನ್ನು ‘ಲಿಟಲ್ ಜರ್ಮನಿ’ ಅನ್ನುತ್ತಿದ್ದರು.

ಚರ್ಚಿನವರು ಪ್ರತಿ ವರ್ಷ ಹಡಗು ಬಾಡಿಗೆಗೆ ಹಿಡಿದು ಪಿಕ್‌ನಿಕ್ ಹೋಗುತ್ತಿದ್ದರು. 1904ರ ಜೂನ್ 15, ಬುಧವಾರ. ಗಂಡಸರಿಗೆ ಕೆಲಸ. ಹಾಗಾಗಿ ಹಡಗು ಹತ್ತಿದ ಸುಮಾರು 1,350 ಮಂದಿಯಲ್ಲಿ ಬಹುಪಾಲು ಹೆಂಗಸರು, ಮಕ್ಕಳು. ಈಸ್ಟ್ ರಿವರ್‌ನಲ್ಲಿ ಸಾಗುವಾಗ ಮುಂಭಾಗದ ಕೋಣೆಯೊಂದರಲ್ಲಿ ಬೆಂಕಿ ಹೊತ್ತಿತು. ಅಲ್ಲಿ ಒಣಹುಲ್ಲು, ದೀಪದ ಎಣ್ಣೆ ಎಲ್ಲ ಇಟ್ಟಿದ್ದರು. ನೀರು ಬಿಟ್ಟ ಕೂಡಲೇ ಲಡ್ಡಾಗಿದ್ದ ಪೈಪು ಒಡೆಯಿತು. ಜೀವರಕ್ಷಕ ದೋಣಿಗಳು ಜಾಗ ಬಿಟ್ಟು ಕದಲಲಿಲ್ಲ. ಲೈಫ್ ಜಾಕೆಟ್‌ಗಳ ಒಳಗಿನ ಬೆಂಡು ಪುಡಿಯಾಗಿತ್ತು. ಮಕ್ಕಳು ತೇಲುತ್ತಾರೆ ಎಂದು ತಾಯಂದಿರು ಅದನ್ನು ತೊಡಿಸಿ ನೀರಿಗೆ ಬಿಟ್ಟರು. ಮಕ್ಕಳು ಮುಳುಗಿದರು. ಸತ್ತವರು 1,021 ಮಂದಿ. ಸರ್ಕಾರಿ ಇನ್‌ಸ್ಪೆಕ್ಟರ್ ಆ ಹಡಗನ್ನು ತಪಾಸಣೆ ಮಾಡಿ ‘ಎಲ್ಲ ಸರಿ’ ಎಂದು ಬರೆದುಕೊಟ್ಟದ್ದು ಹಿಂದಿನ ತಿಂಗಳಷ್ಟೇ! ಕೊನೆಗೆ ಜೈಲಿಗೆ ಹೋದದ್ದು ಕ್ಯಾಪ್ಟನ್ ಒಬ್ಬರೇ. ಕಂಪನಿ ದಂಡ ಕಟ್ಟಿ ಪಾರಾಯಿತು.

ಪಾದ್ರಿ ಜಾರ್ಜ್ ಹಾಸ್ ಬದುಕುಳಿದರು. ಅವರ ಹೆಂಡತಿ, ಮಗಳು ಉಳಿಯಲಿಲ್ಲ. ಒಂದೇ ಚರ್ಚಿನ ಅಕ್ಕಪಕ್ಕದ ಮನೆಗಳಲ್ಲಿ ಇಷ್ಟು ಸಾವು. ಆ ಬೀದಿಗಳಲ್ಲಿ ಉಳಿದವರಿಗೆ ಬದುಕುವುದು ಹೇಗೆ?

ಈ ದುರಂತದಿಂದಲೇ ಲಿಟಲ್ ಜರ್ಮನಿ ಖಾಲಿಯಾಯಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಸ್ವಲ್ಪ ಅನುಕೂಲವಾದ ಜರ್ಮನ್ನರು ಅದಕ್ಕೂ ಮೊದಲೇ ಉತ್ತರದ ಯಾರ್ಕ್‌ವಿಲ್ ಕಡೆ ಹೊರಟಿದ್ದರು. ಅವರ ಜಾಗಕ್ಕೆ ಪೂರ್ವ ಯುರೋಪಿನ ಯಹೂದಿಗಳು ಬರುತ್ತಿದ್ದರು. ದುರಂತ ಆ ವಲಸೆಯನ್ನು ಚುರುಕು ಮಾಡಿತು. ಆಮೇಲೆ ಮೊದಲ ಮಹಾಯುದ್ಧ ಬಂತು. ಜರ್ಮನ್ನರು ಅಂದರೆ ಶತ್ರುಗಳು ಅನ್ನುವ ಕಾಲ. ಅವರ ದುಃಖ ಕೇಳುವವರು ಕಡಿಮೆಯಾದರು. 2001ರ ಸೆಪ್ಟೆಂಬರ್ 11ರವರೆಗೂ ನ್ಯೂಯಾರ್ಕ್ ನಗರದಲ್ಲಿ ಒಂದೇ ದಿನ ಅತಿ ಹೆಚ್ಚು ಜೀವ ಬಲಿಯಾದ ದುರಂತ ಇದೇ. ಆದರೂ ಊರಿನವರಿಗೇ ಅದು ಮರೆತುಹೋಗಿತ್ತು.

1940ರಲ್ಲಿ ಕಟ್ಟಡ ಸಿನಗಾಗ್ ಆಯಿತು. ಹಳೆಯ ಚರ್ಚಿನ ಕಥೆ ಹೇಳುವ ಫಲಕ ಈಗ ಯಹೂದಿಗಳ ಬಾಗಿಲ ಬಳಿ ಇದೆ. ಇದರಲ್ಲಿ ವಿಚಿತ್ರವೇನೂ ಇಲ್ಲ ಬಿಡಿ. ಪಿಕ್‌ನಿಕ್ ಹೊರಟವರು ಪ್ರಾರ್ಥನೆ ಮಾಡುತ್ತಿದ್ದದ್ದು ಅದೇ ಗೋಡೆಗಳ ಒಳಗೆ.

ಇನ್ನೂ ನೋಡಬೇಕಿದ್ದರೆ ಹತ್ತಿರದ ಟಾಂಪ್ಕಿನ್ಸ್ ಸ್ಕ್ವೇರ್ ಪಾರ್ಕಿಗೆ ಹೋಗಿ. ಅಲ್ಲಿ 1906ರ ಅಮೃತಶಿಲೆಯ ಕಾರಂಜಿ ಇದೆ. ಅದು ಚಿಕ್ಕದು, ಸುಮ್ನೆ ನಡೆದರೆ ಕಣ್ಣಿಗೇ ಬೀಳುವುದಿಲ್ಲ. ಗುರುತು ಸಿಗದ 61 ಮಂದಿಯ ಸ್ಮಾರಕ ಕ್ವೀನ್ಸ್‌ನ ಮಿಡ್ಲ್ ವಿಲೇಜ್ ಸ್ಮಶಾನದಲ್ಲಿದೆ. ಸೇಂಟ್ ಮಾರ್ಕ್ಸ್ ಸಭೆ 1946ರಲ್ಲಿ ಯಾರ್ಕ್‌ವಿಲ್‌ನ ಜಿಯಾನ್ ಚರ್ಚಿನ ಜೊತೆ ಸೇರಿಕೊಂಡಿತು. ಹಾಗಾಗಿ ಆ ಹೆಸರಿನ ಚರ್ಚು ಬೇಕೆಂದರೆ ಈಸ್ಟ್ 84ನೇ ಬೀದಿಗೆ ಹೋಗಬೇಕು.