ವಯಸ್ಸಾದ ಮೇಲೆ ಕುತೂಹಲ ಹೋಗಿಬಿಡುತ್ತದಾ?

ಪ್ರಶ್ನೆ: ಮಗಳು ಬೆಳಗಿನಿಂದ ರಾತ್ರಿವರೆಗೂ ‘ಯಾಕೆ, ಯಾಕೆ’ ಅಂತ ಕೇಳುತ್ತಲೇ ಇರುತ್ತಾಳೆ. ನನಗೆ ಒಂದು ಪ್ರಶ್ನೆಯೂ ಹೊಳೆಯುವುದಿಲ್ಲ. ವಯಸ್ಸಾಯಿತು ಅಂತಾನಾ?

ವಯಸ್ಸಿನ ಮೇಲೆ ತಪ್ಪು ಹಾಕಬೇಡಿ. ನಮಗೆ ಅಡ್ಡ ಬರುವುದು ‘ಅದು ಗೊತ್ತಿರೋದೇ ಅಲ್ವಾ’ ಎನ್ನುವ ಮಾತು.

1921ರಲ್ಲಿ ಸಿ.ವಿ. ರಾಮನ್ ಇಂಗ್ಲೆಂಡಿನಿಂದ ಹಡಗಿನಲ್ಲಿ ವಾಪಸ್ ಬರುತ್ತಿದ್ದರು. ಸಮುದ್ರ ಯಾಕೆ ನೀಲಿ? ಈ ಪ್ರಶ್ನೆಗೆ ಆಗಲೇ ಉತ್ತರ ಇತ್ತು. ಆಕಾಶದ ನೀಲಿ ನೀರಿನ ಮೇಲೆ ಪ್ರತಿಫಲಿಸುತ್ತದೆ, ಅಷ್ಟೇ ಎಂದು ಲಾರ್ಡ್ ರ‍್ಯಾಲೆ ಹೇಳಿದ್ದರು. ರ‍್ಯಾಲೆ ಅಂದರೆ 1904ರ ನೊಬೆಲ್ ವಿಜೇತರು. ಅಂಥವರು ಹೇಳಿದ ಮೇಲೆ ನಾವಾಗಿದ್ದರೆ ಸುಮ್ನೆ ಸಮುದ್ರ ನೋಡಿಕೊಂಡು ಕೂರುತ್ತಿದ್ದೆವು. ರಾಮನ್ ಬಳಿ ಒಂದು ಪುಟ್ಟ ನಿಕೋಲ್ ಪ್ರಿಸಂ ಇತ್ತು. ಅದನ್ನು ಸರಿಯಾದ ಕೋನದಲ್ಲಿ ಹಿಡಿದರೆ ನೀರಿನ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕು ಕಣ್ಣಿಗೆ ಬರುವುದಿಲ್ಲ. ರ‍್ಯಾಲೆ ಹೇಳಿದ್ದು ನಿಜವಾಗಿದ್ದರೆ ಆಗ ನೀಲಿ ಮಾಯವಾಗಬೇಕಿತ್ತು. ಆಗಲಿಲ್ಲ, ಇನ್ನೂ ಗಾಢವಾಯಿತು! ಅಂದರೆ ಬಣ್ಣ ಬರುತ್ತಿದ್ದದ್ದು ನೀರಿನ ಒಳಗಿನಿಂದಲೇ. ನೀರಿನ ಅಣುಗಳು ಬೆಳಕನ್ನು ಚದುರಿಸುವುದೇ ಇದಕ್ಕೆ ಕಾರಣ ಎಂದರು ರಾಮನ್. ಬೆಳಕು ಹೀಗೆ ಚದುರುವ ಬಗೆಯನ್ನೇ ಬೆನ್ನು ಹತ್ತಿ ಹೋದಾಗ, 1928ರಲ್ಲಿ ರಾಮನ್ ಪರಿಣಾಮ ಸಿಕ್ಕಿತು, ಅಂದರೆ ಚದುರಿದ ಬೆಳಕಿನಲ್ಲಿ ಸ್ವಲ್ಪ ಭಾಗದ ಬಣ್ಣವೇ ಬದಲಾಗುತ್ತದೆ ಎಂಬುದು. ಅಂದಹಾಗೆ, ಸಮುದ್ರದ ಬಗ್ಗೆ ರಾಮನ್ ಕೊಟ್ಟ ಉತ್ತರವೂ ಪೂರ್ತಿಯಾಗಿರಲಿಲ್ಲ. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದು ಆ ನೀಲಿಗೆ ಮುಖ್ಯ ಕಾರಣ.

ವಯಸ್ಸಿನ ಮಾತು ಬಂತಲ್ಲ, ರಾಮನ್ ಎಪ್ಪತ್ತು ದಾಟಿದ ಮೇಲೂ ಬೆಂಗಳೂರಿನಲ್ಲಿ ಹೂವುಗಳ ಬಣ್ಣದ ಹಿಂದೆ ಬಿದ್ದಿದ್ದರು.

ಏನೂ ಗೊತ್ತಿಲ್ಲದ ವಿಷಯದಲ್ಲಿ ಕುತೂಹಲ ಹುಟ್ಟುವುದು ಕಷ್ಟ. ಸ್ವಲ್ಪ ಗೊತ್ತಿದ್ದು, ನಡುವೆ ಒಂದು ಖಾಲಿ ಜಾಗ ಕಂಡಾಗ ಅದು ಕೆರಳುತ್ತದೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ವಾದಿಸಿದರು. ನನಗೂ ಇದು ಸರಿ ಅನ್ನಿಸುತ್ತದೆ. ಹಾಗಾಗಿ ಖಗೋಳ ವಿಜ್ಞಾನದ ದಪ್ಪ ಪುಸ್ತಕ ತರಬೇಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಕಡೆಯೇ ಶುರುಮಾಡಿ.

ದೋಸೆ ಹಿಟ್ಟಿಗೆ ಮೆಂತ್ಯ ಯಾಕೆ? ‘ಚೆನ್ನಾಗಿ ಉಬ್ಬಲಿ ಅಂತ’ ಎನ್ನುತ್ತೀರಿ. ಹಾಕದೆ ನೋಡಿದ್ದೀರಾ? ಅಷ್ಟೇ ಅಕ್ಕಿ, ಅಷ್ಟೇ ಉದ್ದು, ಎರಡು ಪಾತ್ರೆ, ಒಂದಕ್ಕೆ ಮಾತ್ರ ಮೆಂತ್ಯ. ಎರಡನ್ನೂ ಒಂದೇ ಜಾಗದಲ್ಲಿ ಇಡಿ. ಯಾವುದು ಜಾಸ್ತಿ ಉಬ್ಬುತ್ತದೆ ಎಂದು ರಾತ್ರಿಯೇ ಮಗಳೂ ನೀವೂ ಬೇರೆ ಬೇರೆ ಚೀಟಿಯಲ್ಲಿ ಬರೆದಿಡಿ. ಬೆಳಿಗ್ಗೆ ಎದ್ದ ಕೂಡಲೇ ಮುಚ್ಚಳ ತೆಗೆಯಲು ಯಾರು ಮೊದಲು ಓಡುತ್ತೀರೋ ನೋಡೋಣ.