ವಾಟರ್‌ಪ್ರೂಫ್ ಕೋಟು ಹಾಕಿದರೂ ಅಂಗಿ ಒದ್ದೆ ಯಾಕೆ?

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ಮಂಗಳೂರಿನಿಂದ ಮೂರು ಸಾವಿರ ಕೊಟ್ಟು ವಾಟರ್‌ಪ್ರೂಫ್ ಜಾಕೆಟ್ ತಂದೆ. ಬದಿಯಡ್ಕದಿಂದ ಮನೆಗೆ ಸ್ಕೂಟರಿನಲ್ಲಿ ಬರುವಷ್ಟರಲ್ಲಿ ಒಳಗಿನ ಅಂಗಿ ಒದ್ದೆ. ಈ ಜುಲೈಯಲ್ಲಿ ಗೆಳೆಯರೊಟ್ಟಿಗೆ ರಾಣಿಪುರಂ ಗುಡ್ಡ ಹತ್ತುವ ಯೋಚನೆ ಇದೆ. ಹತ್ತು ಸಾವಿರದ ಜಾಕೆಟ್, ವಾಟರ್‌ಪ್ರೂಫ್ ಬೂಟು ತೆಗೆದುಕೊಳ್ಳಲೇಬೇಕಾ? ಹಳೆ ಜಾಕೆಟನ್ನು ಏನು ಮಾಡಲಿ?

ಉತ್ತರ: ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ, ಬೇಸರ ಮಾಡಬೇಡಿ. ಅಂಗಿ ಎಲ್ಲೆಲ್ಲಿ ಒದ್ದೆಯಾಗಿತ್ತು? ಹೆಗಲ ಮೇಲೆ ಗೆರೆ ಎಳೆದ ಹಾಗೆ, ಎದೆಯಲ್ಲಿ ಝಿಪ್ಪಿನ ಉದ್ದಕ್ಕೆ, ಕುತ್ತಿಗೆಯ ಸುತ್ತ ಅಂತಾದರೆ ಅದು ಮಳೆ ನೀರು. ಬೆನ್ನು, ಕಂಕುಳು, ತೋಳು ಎಲ್ಲ ಕಡೆ ಒಂದೇ ಸಮ ತೇವ ಅಂತಾದರೆ ಅದು ನಿಮ್ಮದೇ ಬೆವರು. ಎರಡಕ್ಕೂ ಮದ್ದು ಬೇರೆ. ಅಂಗಡಿಯಲ್ಲಿ ಯಾರೂ ಇದನ್ನು ಕೇಳುವುದಿಲ್ಲ. ಬೆವರಿಗೆ ಅವರ ಹತ್ತಿರ ಮಾರುವ ಸಾಮಾನು ಇಲ್ಲ, ಅಷ್ಟೆ.

ಸ್ಕೂಟರಿನಲ್ಲಿ ಕೂತವರು ಅಷ್ಟೇನೂ ಬೆವರುವುದಿಲ್ಲ. ಹಾಗಾಗಿ ನಿಮ್ಮದು ಹೆಚ್ಚಾಗಿ ಸೋರಿಕೆಯೇ ಇರಬೇಕು. ಜಾಕೆಟನ್ನು ಒಳಮೈ ಹೊರಗೆ ಮಾಡಿ ಬೆಳಕಿಗೆ ಹಿಡಿಯಿರಿ. ಹೊಲಿಗೆ ಹೋದ ಕಡೆಯೆಲ್ಲ ಒಂದು ಬೆರಳು ಅಗಲದ ತೆಳ್ಳಗಿನ ಟೇಪು ಅಂಟಿಸಿದೆಯಾ? ಬಟ್ಟೆಯಿಂದ ನೀರು ಇಳಿಯದೆ ಇರಬಹುದು, ಆದರೆ ಹೊಲಿಯುವಾಗ ಸೂಜಿ ಮಾಡಿದ ಸಾವಿರ ತೂತು ಹಾಗೇ ಉಳಿಯುತ್ತವೆ. ಅದನ್ನು ಮುಚ್ಚುವುದಕ್ಕೇ ಈ ಟೇಪು. ಕಡಿಮೆ ಬೆಲೆಯ ಕೋಟುಗಳಲ್ಲಿ ಹೆಗಲಿಗೆ ಮಾತ್ರ ಟೇಪು ಹಾಕಿ, ಬದಿಗೂ ಕಂಕುಳಿಗೂ ಹಾಗೇ ಬಿಟ್ಟಿರುತ್ತಾರೆ. ಪ್ಯಾಂಟಿನಲ್ಲಿ ನೋಡಬೇಕಾದದ್ದು ಎರಡು ಕಾಲು ಸೇರುವ ಜಾಗ. ಸ್ಕೂಟರಿನಲ್ಲಿ ಕೂತಾಗ ಮಡಿಲಲ್ಲಿ ನೀರು ನಿಲ್ಲುವುದು ಅಲ್ಲೇ, ಸೋರುವುದೂ ಅಲ್ಲೇ. ಆ ಒದ್ದೆಯನ್ನು ಹೊತ್ತುಕೊಂಡು ಆಫೀಸಿಗೆ ಹೋದವರಿಗೆ ನಾನು ವಿವರಿಸಬೇಕಾಗಿಲ್ಲ.

ಇನ್ನು ಲೇಬಲಿನ ಮೇಲಿನ ಅಂಕಿಗಳು. 5000 ಎಂಎಂ, 10000 ಎಂಎಂ ಅಂತೆಲ್ಲ ಬರೆದಿರುತ್ತಾರೆ. ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿದರೆ ಎಷ್ಟು ಎತ್ತರದವರೆಗೆ ಅದು ನೀರು ಬಿಡದೆ ತಡೆಯುತ್ತದೆ ಅನ್ನುವ ಲೆಕ್ಕ ಅದು. 10000 ಅಂದರೆ ಹತ್ತು ಮೀಟರ್. ನೀರು ತುಂಬಿದ ಹತ್ತು ಮೀಟರ್ ಆಳದ ಬಾವಿಯ ತಳಕ್ಕೆ ಆ ಬಟ್ಟೆ ಹಾಸಿದ ಹಾಗೆ ಅಂದುಕೊಳ್ಳಿ. ಸುಮ್ನೆ ಬೀಳುವ ಹನಿಯನ್ನು ತಡೆಯಲು 1500, 2000 ಸಾಕು. ಆದರೆ ಬ್ಯಾಗಿನ ಪಟ್ಟಿ ಒತ್ತುವ ಹೆಗಲಲ್ಲಿ, ಸೀಟಿನ ಮೇಲೆ ಕೂರುವ ಜಾಗದಲ್ಲಿ ಒತ್ತಡ ಜಾಸ್ತಿ. ಗಾಡಿ ಓಡುವಾಗ ಎದೆಗೆ ಬಡಿಯುವ ಮಳೆಯೂ ಜೋರೇ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ನಮ್ಮ ಕಾಸರಗೋಡಿಗೆ 5000ದಿಂದ 10000ದವರೆಗಿನದ್ದು ಧಾರಾಳ. 20000 ಅಂತ ಬರೆದದ್ದಕ್ಕೆ ಎರಡು ಪಟ್ಟು ದುಡ್ಡು ಕೊಡುವ ಅಗತ್ಯ ನನಗಂತೂ ಕಾಣುವುದಿಲ್ಲ. ಆ ದುಡ್ಡನ್ನು ಟೇಪಿರುವ ಹೊಲಿಗೆಗೆ, ಝಿಪ್ಪಿನ ಮೇಲೆ ಮುಚ್ಚುವ ಪಟ್ಟಿಗೆ, ಹಣೆಯ ಮುಂದಕ್ಕೆ ಚಾಚಿದ ಗಟ್ಟಿ ಅಂಚಿನ ಟೋಪಿಗೆ ಕೊಡಿ.

ಈಗ ಬೆವರಿನ ವಿಷಯ. ರಾಣಿಪುರಂ ಹತ್ತುವಾಗ ನಿಮ್ಮನ್ನು ಒದ್ದೆ ಮಾಡುವುದು ಇದೇ.

1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಬಟ್ಟೆಗಳ ನಡುವೆ ರಬ್ಬರ್ ಹಚ್ಚಿ ಮಳೆಕೋಟಿನ ಬಟ್ಟೆಗೆ ಪೇಟೆಂಟ್ ಪಡೆದ. ಹೊರಗಿನ ನೀರು ಒಳಗೆ ಬರಲಿಲ್ಲ, ಒಳಗಿನ ಬೆವರು ಹೊರಗೆ ಹೋಗಲಿಲ್ಲ. ಹತ್ತಿರ ಹತ್ತಿರ ನೂರೈವತ್ತು ವರ್ಷ ಕಳೆದ ಮೇಲೆ, 1969ರಲ್ಲಿ, ಅಮೆರಿಕದ ಬಾಬ್ ಗೋರ್ ಬಿಸಿ ಮಾಡಿದ ಟೆಫ್ಲಾನ್ ಕಡ್ಡಿಯನ್ನು ಒಮ್ಮೆಲೇ ಜಗ್ಗಿ ಎಳೆದಾಗ ಅದು ಹಿಗ್ಗಿ, ಕಣ್ಣಿಗೆ ಕಾಣದ ತೂತುಗಳಿರುವ ಹಾಳೆಯಾಗುವಂಥ ವಸ್ತುವಾಯಿತು. ಗೋರ್‌ಟೆಕ್ಸ್ ಹುಟ್ಟಿದ್ದು ಹಾಗೆ. ತೂತು ಎಷ್ಟು ಸಣ್ಣದೆಂದರೆ ನೀರಿನ ಹನಿ ನುಗ್ಗುವುದಿಲ್ಲ, ಆದರೆ ಬೆವರಿನ ಆವಿ ದಾಟುತ್ತದೆ. ಜಾಣ ಉಪಾಯವೇ. ‘ಉಸಿರಾಡುವ ಜಾಕೆಟ್’ ಅಂತ ಈಗ ಮಾರುವುದೆಲ್ಲ ಇದರದ್ದೋ ಇದರ ಅಣ್ಣತಮ್ಮಂದಿರದ್ದೋ ಕತೆ.

ಆದರೆ ಆವಿ ತನ್ನಷ್ಟಕ್ಕೆ ಹೊರಗೆ ಹೋಗುವುದಿಲ್ಲ. ಒಳಗೆ ತೇವ ಜಾಸ್ತಿ, ಹೊರಗೆ ಕಡಿಮೆ ಇದ್ದರೆ ಮಾತ್ರ ಹೋಗುತ್ತದೆ. ಚಳಿ ದೇಶದ ಗಾಳಿಯಲ್ಲಿ ನೀರಾವಿ ಕಡಿಮೆ, ಅಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ನಮ್ಮ ಆಟಿ ತಿಂಗಳ ಗಾಳಿ ನಿಮಗೆ ಗೊತ್ತಲ್ವಾ? ಹಪ್ಪಳದ ಡಬ್ಬಿ ಮುಚ್ಚಳ ಸಡಿಲಾದರೆ ಸಾಕು, ಹಪ್ಪಳ ಮೆತ್ತಗೆ. ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಅಂಥ ಗಾಳಿಗೆ ನಿಮ್ಮ ಬೆವರನ್ನು ತೆಗೆದುಕೊಳ್ಳುವ ತಾಕತ್ತು ಎಲ್ಲಿದೆ?

ಲೆಕ್ಕವನ್ನೂ ಹಾಕಿ ನೋಡಿ. ಲೇಬಲಿನಲ್ಲಿ ನೀರಿನ ಅಂಕಿಯ ಜೊತೆಗೆ ಬರೆಯುವ ಉಸಿರಾಟದ ಅಂಕಿ 10000 ಅಂದರೆ, ಒಂದು ಚದರ ಮೀಟರ್ ಬಟ್ಟೆಯಿಂದ ದಿನಕ್ಕೆ ಹತ್ತು ಲೀಟರ್ ನೀರಿನಷ್ಟು ಆವಿ ಹೋಗುತ್ತದೆ ಅಂತ. ಜಾಕೆಟಿಗೆ ಒಂದೂವರೆ ಚದರ ಮೀಟರ್ ಬಟ್ಟೆ ಅಂತ ಇಟ್ಟುಕೊಂಡರೆ ಗಂಟೆಗೆ ಆರುನೂರು ಮಿಲಿಲೀಟರ್ ಚಿಲ್ಲರೆ. ಅದೂ ಪ್ರಯೋಗಶಾಲೆಯಲ್ಲಿ. ಸೆಕೆಯಲ್ಲಿ ಗುಡ್ಡ ಹತ್ತುವವರು ಗಂಟೆಗೆ ಒಂದು ಲೀಟರಿನವರೆಗೂ ಬೆವರಬಹುದು. ಲೇಬಲಿನ ಮಾತನ್ನು ಪೂರ್ತಿ ನಂಬಿದರೂ ಲೆಕ್ಕ ಸರಿಹೊಂದುವುದಿಲ್ಲ.

ಹಾಗಾಗಿ ನಮ್ಮ ಊರಿಗೆ ಉಸಿರಾಡುವ ಬಟ್ಟೆಗಿಂತ ಗಾಳಿಯಾಡುವ ಹೊಲಿಗೆ ಮುಖ್ಯ. ಕಂಕುಳ ಕೆಳಗೆ ಝಿಪ್ಪು ಇರುವ ಜಾಕೆಟ್ ಸಿಕ್ಕಿದರೆ ಬೇರೆ ಯೋಚನೆ ಬೇಡ. ಬೆನ್ನ ಮೇಲೆ ಮುಚ್ಚಳದ ಹಾಗೆ ಪದರವಿದ್ದು ಅದರ ಅಡಿಯಲ್ಲಿ ಬಲೆ ಇರುವಂಥದ್ದೂ ಒಳ್ಳೆಯದು. ಒಂದು ಅಳತೆ ದೊಡ್ಡದೇ ತೆಗೆದುಕೊಳ್ಳಿ, ಮೈಗೆ ಅಂಟಬಾರದು. ಹಿಂದಿನವರು ಮಳೆಗೆ ಹೊದೆಯುತ್ತಿದ್ದ, ಎಲೆಯಿಂದ ಹೆಣೆದ ಗೊರಬೆಯನ್ನು ನೆನಪು ಮಾಡಿಕೊಳ್ಳಿ. ತಲೆಯಿಂದ ಸೊಂಟದವರೆಗೆ ಬೆನ್ನನ್ನು ಮುಚ್ಚುತ್ತಿತ್ತು, ಮುಂದೆಯೂ ಕೆಳಗೂ ಪೂರ್ತಿ ತೆರೆದೇ ಇತ್ತು. ಇಡೀ ದಿನ ಬಗ್ಗಿ ನೇಜಿ ನೆಟ್ಟರೂ ಬೆನ್ನಿಗೆ ಮಳೆ ತಾಗುತ್ತಿರಲಿಲ್ಲ, ಉಬ್ಬೆಯಲ್ಲಿ ಬೇಯಬೇಕಾಗಿಯೂ ಇರಲಿಲ್ಲ. ನಡಿಗೆಗೆ ಪಾಂಚೊ ಅಂತ ಸಿಗುತ್ತದಲ್ಲ, ಬ್ಯಾಗನ್ನೂ ಸೇರಿಸಿ ಹೊದ್ದುಕೊಳ್ಳುವಂಥದ್ದು, ಅದು ಹೆಚ್ಚುಕಡಿಮೆ ಗೊರಬೆಯ ಮೊಮ್ಮಗ. ಬೈಕಿನಲ್ಲಿ ಮಾತ್ರ ಪಾಂಚೊ ಬೇಡವೇ ಬೇಡ. ಅಂಚು ಹಾರಿ ಚೈನಿಗೋ ಚಕ್ರಕ್ಕೋ ಸಿಕ್ಕಿದರೆ ಕತೆ ಮುಗಿಯಿತು.

ಒಳಗೆ ಹತ್ತಿ ಬನಿಯನು ಬೇಡ. ಹತ್ತಿ ನೀರನ್ನು ಹಿಡಿದುಕೊಂಡು ಕೂರುತ್ತದೆ. ಆಟದವರು ಹಾಕುವ ತೆಳ್ಳಗಿನ ಪಾಲಿಯೆಸ್ಟರ್ ಟೀಶರ್ಟ್ ಹಾಕಿ. ಒದ್ದೆಯಾಗುತ್ತದೆ, ಆದರೆ ಭಾರವಾಗುವುದಿಲ್ಲ, ಬೇಗ ಒಣಗುತ್ತದೆ. ಒಣ ಅಂಗಿ ಒಂದನ್ನು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬ್ಯಾಗಿನ ಒಳಗೇ ಇಡಿ. ಬ್ಯಾಗಿನ ಹೊರಗೆ ಹೊದಿಸುವ ಕವರನ್ನು ನಂಬಬೇಡಿ, ಬೆನ್ನ ಕಡೆಯಿಂದ ನೀರು ಇಳಿದೇ ಇಳಿಯುತ್ತದೆ.

ಹಾಗಾದರೆ ಹತ್ತು ಸಾವಿರದ ಜಾಕೆಟ್ ಯಾರಿಗೆ? ಹಿಮಾಲಯಕ್ಕೆ ಹೋಗುವವರಿಗೆ. ಚಳಿಯಲ್ಲಿ ಒದ್ದೆಯಾದರೆ ಜೀವಕ್ಕೇ ಅಪಾಯ, ಅಲ್ಲಿ ಆ ಬಟ್ಟೆ ತನ್ನ ಬೆಲೆಯನ್ನು ತೀರಿಸುತ್ತದೆ. ರಾಣಿಪುರದ ನೆತ್ತಿ ಸಾವಿರ ಮೀಟರಿನ ಆಸುಪಾಸು. ಮೇಲಿನ ಹುಲ್ಲುಗಾವಲಿನಲ್ಲಿ ಗಾಳಿಗೆ ಸ್ವಲ್ಪ ನಡುಕ ಬರಬಹುದು, ಅಷ್ಟೇ. ತೋಟದಲ್ಲಿ ಅಡಿಕೆಗೆ ಮದ್ದು ಬಿಡುವ ದಿನಕ್ಕಂತೂ ದಪ್ಪ ಪಿವಿಸಿ ಕೋಟೇ ಸರಿ. ಮೈಲುತುತ್ತು, ಸುಣ್ಣದ ನೀರು ಬಿದ್ದ ಮೇಲೆ ಯಾವ ದುಬಾರಿ ಜಾಕೆಟಿನ ಮುಖವನ್ನೂ ನೋಡುವ ಹಾಗಿರುವುದಿಲ್ಲ.

ಬೂಟಿನ ವಿಷಯದಲ್ಲಿ ನನ್ನದು ಸ್ವಲ್ಪ ಹಟದ ಅಭಿಪ್ರಾಯ. ನಮ್ಮ ಮಳೆಗೆ ಎರಡೇ ದಾರಿ. ನೀರು ಒಳಗೆ ಬರಲೇಬಾರದು ಅಂತಿದ್ದರೆ ಮೊಣಕಾಲಿನ ಕೆಳಗಿನವರೆಗೆ ಬರುವ ಗಂಬೂಟು. ಬರಲಿ ಬಿಡಿ ಅಂತಿದ್ದರೆ, ಬಂದ ನೀರು ಹಾಗೇ ಹೊರಗೆ ಹೋಗುವ ಬಲೆಬಟ್ಟೆಯ ಶೂ. ನಡುವೆ ನಿಂತಿರುವ, ಹರಡಿನವರೆಗೆ ಬರುವ ವಾಟರ್‌ಪ್ರೂಫ್ ಬೂಟು ಇದೆಯಲ್ಲ, ಅದರಿಂದ ಇಲ್ಲಿ ನಷ್ಟವೇ ಜಾಸ್ತಿ. ಜೋರು ಮಳೆಯಲ್ಲಿ ನೀರು ಕಾಲಿನ ಮೇಲಿಂದ ಇಳಿದು, ಕಾಲುಚೀಲ ಹಿಡಿದು, ಬೂಟಿನ ಬಾಯಿಯಿಂದಲೇ ಒಳಗೆ ಬರುತ್ತದೆ. ಒಂದು ತೋಡು ದಾಟಿದರಂತೂ ಮುಗಿದೇ ಹೋಯಿತು. ಹೊರಗಿನ ನೀರು ತಡೆಯಲು ಮಾಡಿದ ಪದರ ಈಗ ಒಳಗಿನ ನೀರನ್ನು ಹೊರಗೆ ಬಿಡುವುದಿಲ್ಲ. ಕಾಲಿಗೆ ಎರಡು ಕೊಡಪಾನ ಕಟ್ಟಿಕೊಂಡು ನಡೆದ ಹಾಗೆ. ಮನೆಗೆ ಬಂದ ಮೇಲೆ ಒಣಗಲು ಮೂರು ದಿನ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರಿಗೆ ಕೊಟ್ಟ ಕಾಡಿನ ಬೂಟುಗಳ ಬದಿಯಲ್ಲಿ ನೀರು ಹೋಗಲೆಂದೇ ತೂತು ಇಟ್ಟಿದ್ದರು. ಸೆಕೆಯ ಮಳೆನಾಡಿನಲ್ಲಿ ಅವರಿಗೂ ಹೊಳೆದದ್ದು ಅದೇ.

ರಾಣಿಪುರಕ್ಕೆ ಬಲೆಬಟ್ಟೆಯ ಶೂ ಸಾಕು. ಅಡಿಭಾಗ ನೋಡಿ. ಹಲ್ಲುಗಳು ನಾಲ್ಕೈದು ಮಿಲಿಮೀಟರ್ ಆಳ ಇರಲಿ, ಒಂದಕ್ಕೊಂದು ದೂರ ಇರಲಿ. ಒತ್ತೊತ್ತಾಗಿದ್ದರೆ ಸಂದಿಯಲ್ಲಿ ಕೆಸರು ತುಂಬಿ ಶೂ ಚಪ್ಪಟೆಯಾಗುತ್ತದೆ. ರಬ್ಬರಿಗೆ ಉಗುರು ಒತ್ತಿ. ಸ್ವಲ್ಪ ಒಳಗೆ ಹೋಗುವ ಮೆತ್ತಗಿನ ರಬ್ಬರ್ ಒದ್ದೆ ಬಂಡೆಯನ್ನು ಹಿಡಿಯುತ್ತದೆ. ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿಯಾದದ್ದು ಬಾಳಿಕೆ ಬರುತ್ತದೆ, ಜಾರುತ್ತದೆ. ಪಾಚಿ ಕಟ್ಟಿದ ಮುರಕಲ್ಲಿನ ಮೇಲೆ ಮಾತ್ರ ಯಾವ ಕಂಪೆನಿಯ ಶೂವನ್ನೂ ನಂಬಬೇಡಿ. ಅಲ್ಲಿ ನಿಧಾನಕ್ಕೆ, ಪಾದ ಪೂರ್ತಿ ಊರಿ ನಡೆಯಬೇಕು.

ಅಳತೆ ನೋಡಲು ಸಂಜೆ ಹೋಗಿ. ದಿನವಿಡೀ ನಡೆದ ಮೇಲೆ ಪಾದ ಸ್ವಲ್ಪ ಊದಿರುತ್ತದೆ. ಗುಡ್ಡಕ್ಕೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ನೋಡಿ. ಬೆರಳಿನ ಮುಂದೆ ಹೆಬ್ಬೆರಳು ಅಗಲದ ಜಾಗ ಬೇಕು, ಇಲ್ಲದಿದ್ದರೆ ಇಳಿಯುವಾಗ ಉಗುರು ಕಪ್ಪಾಗುತ್ತದೆ. ರಕ್ತ ಹೀರುವ ಉಂಬಳಕ್ಕೆ ಶೂ ಏನೂ ಮಾಡುವುದಿಲ್ಲ. ಒತ್ತಾಗಿ ನೇಯ್ದ ಬಟ್ಟೆಯ ಉಂಬಳದ ಕಾಲುಚೀಲ ಸಿಗುತ್ತದೆ, ಮೊಣಕಾಲಿನ ಕೆಳಗೆ ಕಟ್ಟುವಂಥದ್ದು. ಅದರ ಮೇಲೆ ಉಪ್ಪೋ ಹೊಗೆಸೊಪ್ಪಿನ ನೀರೋ ಹಚ್ಚಿಕೊಳ್ಳಿ. ಜೋರು ಮಳೆಯ ದಿನಗಳಲ್ಲಿ ಅರಣ್ಯ ಇಲಾಖೆಯವರು ಮೇಲೆ ಬಿಡದಿರುವುದೂ ಉಂಟು, ಹೊರಡುವ ಮೊದಲು ವಿಚಾರಿಸಿ.

ಗುಡ್ಡಕ್ಕೆ ಗಂಬೂಟು ಬೇಡ, ತೋಟಕ್ಕೆ ಅದೇ ಬೇಕು. ಐನೂರು ರೂಪಾಯಿ ಆಸುಪಾಸಿಗೆ ಸಿಗುತ್ತದೆ. ನಿಂತ ಕೆಸರು ನೀರಿನಲ್ಲಿ ಇಲಿಜ್ವರದ ಭಯ ಇದ್ದೇ ಇದೆ. ಕಾಲಿನಲ್ಲಿ ಗಾಯವೋ ಬೆರಳ ಸಂದಿಯಲ್ಲಿ ಕೆಸರುಹುಣ್ಣೋ ಇದ್ದರೆ ರೋಗ ಒಳಗೆ ಬರಲು ದಾರಿ ಸಲೀಸು. ಸೊಪ್ಪಿನ ಅಡಿಯ ವಿಷದ ಕನ್ನಡಿ ಹಾವಿಗೂ ಗಂಬೂಟು ಅಡ್ಡ ಬರುತ್ತದೆ. ಹಾಕುವ ಮೊದಲು ತಲೆಕೆಳಗೆ ಮಾಡಿ ಕೊಡವಿ. ಚೇಳೋ ಕಪ್ಪೆಯೋ ನಿಮಗಿಂತ ಮೊದಲೇ ಹೋಗಿ ಕೂತಿರಬಹುದು.

ಇನ್ನೊಂದು ನನ್ನದೇ ಪೆಟ್ಟು. ಒಳ್ಳೆಯ ಬೆಲೆ ಕೊಟ್ಟು ತಂದ ಚಾರಣದ ಬೂಟನ್ನು ಹಾಳಾಗಬಾರದೆಂದು ನಾಲ್ಕು ವರ್ಷ ಅಟ್ಟದಲ್ಲಿ ಜೋಪಾನ ಮಾಡಿದ್ದೆ. ಪೊಸಡಿಗುಂಪೆಯಿಂದ ಇಳಿಯುವಾಗ ಬಲಗಾಲಿನ ಅಡಿ ಪೂರ್ತಿ ಕಳಚಿ ಹಿಂದೆಯೇ ಉಳಿಯಿತು. ಹತ್ತು ಹೆಜ್ಜೆಗೆ ಎಡಗಾಲಿನದ್ದೂ ಹೋಯಿತು. ಜೊತೆಗಿದ್ದವರು ಕಾಡುಬಳ್ಳಿ ಕಿತ್ತು ಕಟ್ಟಿಕೊಟ್ಟರು, ನಗುತ್ತಾ. ಶೂವಿನ ನಡುವೆ ಇರುವ ಪಾಲಿಯುರೆಥೇನ್ ಪದರ ಗಾಳಿಯ ತೇವವನ್ನು ಹೀರಿ ವರ್ಷಗಟ್ಟಲೆ ಒಳಗಿಂದೊಳಗೇ ಒಡೆಯುತ್ತದೆ. ಬಳಸಿದರೂ ಒಡೆಯುತ್ತದೆ, ಬಳಸದಿದ್ದರೂ ಒಡೆಯುತ್ತದೆ. ಹಾಗಾಗಿ ಹಳೆ ಸ್ಟಾಕಿನ ಬೂಟು ಅರ್ಧ ಬೆಲೆಗೆ ಕೊಡುತ್ತಾರೆಂದರೆ ಅಡಿಯನ್ನು ಬಗ್ಗಿಸಿ ನೋಡಿ. ಸಣ್ಣ ಬಿರುಕು ಕಂಡರೆ ಅಲ್ಲೇ ಬಿಡಿ. ಒದ್ದೆ ಶೂವನ್ನು ಬಚ್ಚಲೊಲೆಯ ಬದಿಯಲ್ಲೂ ಇಡಬೇಡಿ, ಅಂಟು ಬಿಡುತ್ತದೆ. ಪೇಪರು ತುರುಕಿ ಫ್ಯಾನಿನ ಕೆಳಗೆ ಇಡಿ, ಪೇಪರು ಒದ್ದೆಯಾದ ಹಾಗೆ ಬದಲಿಸುತ್ತಾ ಇರಿ.

ನಿಮ್ಮ ಹಳೆ ಜಾಕೆಟಿಗೆ ಬರುತ್ತೇನೆ. ಎಸೆಯುವ ಮೊದಲು ಬೂದು ಬಣ್ಣದ ತೆಳು ಟೀಶರ್ಟಿನ ಮೇಲೆ ಅದನ್ನು ಹಾಕಿಕೊಂಡು ನಿಲ್ಲಿ. ಮನೆಯವರಿಂದ ಹೆಗಲಿಗೆ, ಎದೆಗೆ, ಬೆನ್ನಿಗೆ ಚೊಂಬಿನಲ್ಲಿ ನೀರು ಹೊಯ್ಯಿಸಿಕೊಳ್ಳಿ. ಎಲ್ಲಿ ಕಪ್ಪು ಕಲೆ ಬಂತೋ ಅಲ್ಲೇ ತೂತು. ಹೊಲಿಗೆಯಲ್ಲಿ ಅಂತಾದರೆ ಸೀಮ್ ಸೀಲರ್ ಅನ್ನುವ ಅಂಟು ಟ್ಯೂಬಿನಲ್ಲಿ ಸಿಗುತ್ತದೆ, ಒಳಗಿನಿಂದ ಹಚ್ಚಿ ಒಂದು ದಿನ ಒಣಗಿಸಿ.

ಹೊರಮೈಯನ್ನೂ ಗಮನಿಸಿ. ಹೊಸದರಲ್ಲಿ ಕೆಸುವಿನ ಎಲೆಯ ಮೇಲಿನ ಹಾಗೆ ನೀರು ಮುತ್ತಾಗಿ ಉರುಳುತ್ತಿತ್ತಲ್ಲ, ಈಗ ಬಟ್ಟೆಯೇ ಹೀರಿಕೊಂಡು ಕಪ್ಪಾಗುತ್ತಿದ್ದರೆ ಮೇಲಿನ ಲೇಪ ಸತ್ತಿದೆ ಅಂತ ಅರ್ಥ. ಸೋಪಿನ ಪುಡಿಯಲ್ಲಿ, ಕಂಫರ್ಟಿನಂಥ ದ್ರವದಲ್ಲಿ ಒಗೆದರೆ ಹೀಗಾಗುತ್ತದೆ. ಮೆತ್ತಗಿನ ಸೋಪಿನಲ್ಲಿ ಕೈಯಲ್ಲಿ ಒಗೆದು, ಚೆನ್ನಾಗಿ ಜಾಲಿಸಿ, ಹಿಂಡದೆ ಒಣಗಿಸಿ. ಲೇಬಲಿನಲ್ಲಿ ಇಸ್ತ್ರಿ ಮಾಡಬಹುದು ಅಂತಿದ್ದರೆ ಮೇಲೆ ತೆಳು ಬಟ್ಟೆ ಹಾಸಿ ಕಡಿಮೆ ಬಿಸಿಯಲ್ಲಿ ಒಮ್ಮೆ ಓಡಿಸಿ. ಲೇಪ ಎಷ್ಟೋ ಸಲ ಮತ್ತೆ ಎದ್ದು ಕೂರುತ್ತದೆ. ಇಲ್ಲದಿದ್ದರೆ ಮೇಲೆ ಹೊಡೆಯುವ ಸ್ಪ್ರೇ ಇದೆ.

ಒಳಗಿನ ಪದರ ಅಂಟಂಟಾಗಿ, ಹೊಟ್ಟಿನ ಹಾಗೆ ಉದುರುತ್ತಿದ್ದರೆ ಮಾತ್ರ ರಿಪೇರಿ ಇಲ್ಲ. ಆಗಲೂ ಎಸೆಯಬೇಡಿ, ಬೆನ್ನಿನ ಭಾಗ ಕತ್ತರಿಸಿ ಸ್ಕೂಟರಿನ ಸೀಟಿಗೆ ಹೊದಿಸಿ. ಮಳೆ ನಿಂತ ಮೇಲೆ ತೆಗೆದರೆ ಕೂರುವ ಜಾಗವಾದರೂ ಒಣಗಿರುತ್ತದೆ. ನನ್ನದೊಂದು ಮೂರು ಮಳೆಗಾಲದಿಂದ ಅದೇ ಕೆಲಸದಲ್ಲಿದೆ.