ಮೊದಲ ವಿಮಾನಕ್ಕೆ ಅಗಲ ರೆಕ್ಕೆ

ಮಂಡ್ಯದ ಕಡೆ ಭತ್ತದ ಕೊಯ್ಲು ಮುಗಿದು ಗದ್ದೆ ಒಣಗಿತೆಂದರೆ, ರಿಮೋಟ್ ವಿಮಾನ ಹಾರಿಸಲು ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಮೈದಾನ ಬೇಕಿಲ್ಲ. ಪಕ್ಕದಲ್ಲಿ ಕಬ್ಬು ಮಾತ್ರ ಇರಬಾರದು. ಆಳೆತ್ತರದ ಕಬ್ಬಿನೊಳಗೆ ಬಿದ್ದ ವಿಮಾನವನ್ನು ನಾನೂ ಅಕ್ಕನ ಮಗನೂ ಒಂದಿಡೀ ಬೆಳಿಗ್ಗೆ ಹುಡುಕಿದ್ದೇವೆ.

"ಫೈಟರ್ ಜೆಟ್ ಥರದ್ದೇ ಬೇಕು ಮಾವ" ಎಂದಿದ್ದ, ಕೊಡಿಸಿದ್ದೆ. ಹುಡುಗನ ಕೈಯನ್ನು ದೂರುವಂತಿರಲಿಲ್ಲ. ಆ ರೆಕ್ಕೆ ಕಲಿಯುವವರಿಗಾಗಿ ಮಾಡಿದ್ದಲ್ಲ.

ವಿಮಾನದ ತೂಕವನ್ನು ರೆಕ್ಕೆಯ ವಿಸ್ತೀರ್ಣದಿಂದ ಭಾಗಿಸಿ ನೋಡಿ. 120 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ ರೆಕ್ಕೆ 720 ಗ್ರಾಂ ಹೊತ್ತರೆ, ನೂರು ಚದರ ಸೆಂಟಿಮೀಟರಿಗೆ 30 ಗ್ರಾಂ ಭಾರ. ಇಂಥದ್ದು ಗಂಟೆಗೆ ಸುಮಾರು 25 ಕಿ.ಮೀ. ವೇಗದಲ್ಲೂ ಗಾಳಿಯಲ್ಲಿ ನಿಲ್ಲಬಲ್ಲದು. ಅದೇ ತೂಕಕ್ಕೆ ರೆಕ್ಕೆ ಅರ್ಧವಾದರೆ ಸುಮಾರು 35 ಕಿ.ಮೀ. ಬೇಕು. ಅದಕ್ಕಿಂತ ನಿಧಾನವಾಯಿತೋ, ಎತ್ತುವ ಬಲ ಕುಸಿದು ವಿಮಾನ ಮೂಗು ಕೆಳಗೆ ಮಾಡುತ್ತದೆ. ಇದೇ ಸ್ಟಾಲ್. ಹೊಸಬರಿಗೆ ಬೇಕಿರುವುದು ಯೋಚಿಸಲು ಸಮಯ; ಅದನ್ನು ಕೊಡುವುದು ಅಗಲ ರೆಕ್ಕೆ, ಹಗುರ ಮೈ.

ಚಳಿಗಾಲದಲ್ಲಿ ನಮ್ಮ ಗದ್ದೆಗಳಿಗೆ ವಲಸೆ ಬರುವ ಒಂದು ಬಗೆಯ ಗಿಡುಗಗಳಿವೆ. ನೆಲಕ್ಕೆ ಹತ್ತಿರ ತೇಲುವಾಗ ಅವುಗಳ ರೆಕ್ಕೆ ತುಸು ಮೇಲಕ್ಕೆತ್ತಿರುತ್ತದೆ, ಬಿಡಿಸಿಟ್ಟ ಪುಸ್ತಕದ ಹಾಗೆ. ಕಲಿಯುವವರಿಗೆಂದೇ ಮಾಡಿದ ಟ್ರೈನರ್ ವಿಮಾನದ ರೆಕ್ಕೆಯೂ ಹಾಗೇ ಬಾಗಿರುತ್ತದೆ. ಬಲಕ್ಕೆ ವಾಲಿತೆನ್ನಿ, ವಿಮಾನ ಬಲಕ್ಕೆ ಜಾರುತ್ತದೆ, ಆಗ ತಗ್ಗಿದ ರೆಕ್ಕೆಗೆ ಗಾಳಿ ಹೆಚ್ಚು ಕೋನದಲ್ಲಿ ತಾಗಿ ಅದನ್ನೇ ಮೇಲಕ್ಕೆ ತಳ್ಳುತ್ತದೆ. ಗಾಬರಿಯಾದವರು ರಿಮೋಟಿನ ಸ್ಟಿಕ್ ಬಿಟ್ಟರೆ, ಸಾಕಷ್ಟು ಎತ್ತರವಿದ್ದಾಗ, ವಿಮಾನ ತಾನೇ ಸಮವಾಗುತ್ತದೆ. ನನ್ನ ಲೆಕ್ಕದಲ್ಲಿ ಮೊದಲ ವಿಮಾನಕ್ಕೆ ಇದಕ್ಕಿಂತ ದೊಡ್ಡ ಗುಣವಿಲ್ಲ. ರೆಕ್ಕೆ ಮೈಯ ಮೇಲ್ಗಡೆ ಕೂತಿದ್ದರೆ ಇನ್ನೂ ಒಳ್ಳೆಯದು.

ಉಳಿದದ್ದು ಸುಲಭ. ಫೋಮಿನದ್ದಾದರೆ ಮುರಿದರೂ ಅಂಟಿಸಬಹುದು. ಪ್ರೊಪೆಲರ್ ಹಿಂದಿದ್ದರೆ ಮೂಗು ನೆಲಕ್ಕೆ ತಾಗಿದಾಗ ಉಳಿಯುತ್ತದೆ. ಮೋಟಾರ್, ಎಡಬಲಕ್ಕೆ ತಿರುಗಿಸುವ ರಡ್ಡರ್, ಮೂಗನ್ನು ಮೇಲೆ ಕೆಳಗೆ ಮಾಡುವ ಎಲಿವೇಟರ್, ರಿಮೋಟಿನಲ್ಲಿ ಈ ಮೂರನ್ನು ನಡೆಸುವ ಮೂರೇ ಚಾನೆಲ್ ಸಾಕು.

ಮೈಸೂರಿನವರು ಮಂಡಕಳ್ಳಿ ವಿಮಾನ ನಿಲ್ದಾಣ ಇರುವುದನ್ನು ಮರೆಯಬಾರದು. ಹಾರಿಸುವ ಮೊದಲು ಸರ್ಕಾರದ ಡ್ರೋನ್ ಜಾಲತಾಣವಾದ ಡಿಜಿಟಲ್ ಸ್ಕೈನ ನಕ್ಷೆಯಲ್ಲಿ ನಿಮ್ಮ ಜಾಗ ಯಾವ ವಲಯದಲ್ಲಿದೆ ನೋಡಿ.

ಅಕ್ಕನ ಮಗ ಈಗ ಟ್ರೈನರ್ ಹಾರಿಸುತ್ತಿದ್ದಾನೆ, ಗಾಳಿ ಏಳುವ ಮುಂಚೆ, ಬೆಳಿಗ್ಗೆ ಆರೂವರೆಗೆ. ವಿಮಾನ ನಮ್ಮತ್ತ ಬರುವಾಗ ಎಡಬಲ ಅದಲುಬದಲಾಗಿ ಕಾಣುತ್ತದಲ್ಲ, ಅಲ್ಲಿ ಇನ್ನೂ ತಡವರಿಸುತ್ತಾನೆ. ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೇ ಸ್ಟಿಕ್ ತಳ್ಳು ಎಂದು ಪಕ್ಕದಲ್ಲಿ ನಿಂತು ಹೇಳುತ್ತಿರುತ್ತೇನೆ.